ಬಿಸ್ಕತ್ತಕ್ಕನ ಹಗೆ

ಆ ಬೀದಿಯವರೆಲ್ಲ ಅವಳನ್ನು ಬಿಸ್ಕತ್ತಕ್ಕ ಎಂದು ಕರೆಯುತ್ತಿದ್ದರು. ಹೆಸರು ಕೇಳಿದವರು ಬೆಣ್ಣೆಯಂಥ ಹೆಂಗಸೆಂದುಕೊಂಡು ಬಂದು ಬೆಚ್ಚಿಬೀಳುತ್ತಿದ್ದರು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಗೇಟು ಕಿರ್ರೆಂದರೆ ಸಾಕು, ಬಂದವರ್ಯಾರೆಂದು ನೋಡುವ ಮೊದಲೇ ಹುಬ್ಬು ಗಂಟಿಕ್ಕಿಕೊಳ್ಳುತ್ತಿತ್ತು.

ಆದರೆ ಕೈ ಬೇರೆಯೇ. ರಜೆ ಮುಗಿದು ಶಾಲೆ ಶುರುವಾಗುವ ದಿನ ಒಂದನೇ ತರಗತಿಯ ಮಕ್ಕಳಿಗೆಲ್ಲ ಅವಳು ಬಿಸ್ಕತ್ತು ಮಾಡಿ ಕಳಿಸುತ್ತಿದ್ದಳು. ಪೆನ್ಸಿಲ್ಲು, ಸ್ಲೇಟು, ಹಳದಿ ಬಸ್ಸಿನ ಆಕಾರದವು, ಮೇಲೆ ಬಣ್ಣದ ಸಕ್ಕರೆಯ ಚಿತ್ತಾರ. ಬಸ್ಸಿನ ಪ್ರತಿ ಕಿಟಕಿಯಲ್ಲೂ ಸಾಸಿವೆಯಷ್ಟು ಪುಟ್ಟ ಮುಖ. ಸಕ್ಕರೆಯ ಗೆರೆ ಒಂದಿಷ್ಟೂ ನಡುಗಿರುತ್ತಿರಲಿಲ್ಲ. ಮಗಳು ಶಾಲೆಗೆ ಸೇರಿದ ವರ್ಷ ಗೇಟಿನ ಕಂಬಿ ಹಿಡಿದು ರಂಪ ಮಾಡಿದ್ದಳೆಂದು ಶುರುವಾದ ಕೆಲಸ ಅದು. ಮಗಳು ದೊಡ್ಡವಳಾಗಿ ಮದುವೆಯಾಗಿ ಹೋದಳು, ಬಿಸ್ಕತ್ತು ನಿಲ್ಲಲಿಲ್ಲ.

ಮೈದುನ ಮದುವೆಯಾಗಿ ಹೆಂಡತಿಯನ್ನು ಕರೆತಂದ ಮೇಲೆ ಆ ಅಡುಗೆಮನೆಗೆ ಇನ್ನೊಂದು ಜೊತೆ ಕೈ ಬಂತು. ಬಂದ ಹೊಸತರಲ್ಲೇ ಕಿರಿಯಳು ಸಕ್ಕರೆ ಪುಡಿಯ ಜರಡಿಯಲ್ಲಿ ಮೀನು ತೊಳೆದಿಟ್ಟಳು. ಅಂದಿನಿಂದ ಓರಗಿತ್ತಿಯರಿಬ್ಬರೂ ಎಣ್ಣೆ ಸೀಗೆಕಾಯಿ. ನೇರ ಮಾತೇ ಇಲ್ಲ, ಪಾತ್ರೆಗಳ ಮೂಲಕ ಮಾತು.

"ಯಾರೋ ಒಲೆ ಒರೆಸ್ದೆ ಹೋಗಿದ್ದಾರೆ," ಎಂದು ಬಿಸ್ಕತ್ತಕ್ಕ ಫ್ರಿಜ್ಜಿಗೆ ಹೇಳುವಳು.

"ಕಂಡೋರಿಗೆ ಕೈ ಇಲ್ವೇನೋ," ಎಂದು ಕಿರಿಯಳು ನಲ್ಲಿಗೆ ಹೇಳುವಳು.

ಅತ್ತೆ ಜಾಣೆ. "ನನ್ನ ಹತ್ರ ಏನೂ ಹೇಳ್ಬೇಡಿ, ನಂಗೆ ಕಿವಿ ಕೇಳಲ್ಲ," ಎಂದುಬಿಡುವಳು. ಪಕ್ಕದ ಮನೆಯ ಜಗಳ ಮಾತ್ರ ಆಕೆಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಆ ವರ್ಷ ಶಾಲೆಗೆ ಹೊಸದಾಗಿ ಬಂದ ಟೀಚರಮ್ಮ ಮನೆ ಹುಡುಕಿಕೊಂಡು ಬಂದಳು. ಬಿಸ್ಕತ್ತಕ್ಕ ನೀರಿನ ಲೋಟ ಹಿಡಿದು ಪಡಸಾಲೆಗೆ ಬರುವಷ್ಟರಲ್ಲಿ ಟೀಚರಮ್ಮ ಕಿರಿಯಳ ಕೈ ಹಿಡಿದುಕೊಂಡಾಗಿತ್ತು.

"ಏನ್ ಕೈ ರೀ ನಿಮ್ದು! ನೀವು ಫೋನಲ್ಲಿ ಹಾಕಿದ್ದ ಬಿಸ್ಕತ್ತಿನ ಫೋಟೋ ನೋಡಿ ನಾನು ದಂಗಾಗಿಬಿಟ್ಟೆ. ಈ ಸಲ ಕ್ಲಾಸಿಗೇ ಬಂದು ಮಕ್ಕಳ ಎದುರು ಬಣ್ಣ ಹಾಕಿ ತೋರಿಸ್ತೀರಾ?"

ಕಿರಿಯಳ ಮುಖ ಒಮ್ಮೆ ಕೆಂಪಾಯಿತು, ಒಮ್ಮೆ ಬಿಳುಪಾಯಿತು. "ಅದಕ್ಕೇನು, ಬರ್ತೀನಿ," ಎಂದಳು.

ಬಿಸ್ಕತ್ತಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಟೀಚರಮ್ಮ ಗೇಟು ದಾಟಿದ್ದೇ ತಡ, ವರ್ಷಗಳ ನಂತರ ಓರಗಿತ್ತಿಯ ಮುಖ ನೋಡಿಯೇ ಮಾತಾಡಿದಳು.

"ನಂದಲ್ಲ ಅನ್ನೋಕೆ ನಾಲಿಗೆ ಬಿದ್ದೋಗಿತ್ತೇನೇ?"

"ನಮ್ಮನೇದು ಅಂತ ಹಾಕಿದ್ದೆ. ಅವರು ನಂದು ಅಂದ್ಕೊಂಡ್ರೆ ನಾನೇನ್ ಮಾಡ್ಲಿ?"

"ಏನೂ ಮಾಡ್ಬೇಡ. ಬಿಸ್ಕತ್ತು ನಾನು ಬೇಯಿಸಿ ಕೊಡ್ತೀನಿ. ಬಣ್ಣ ನಿನ್ ಕೈಲೇ ಬೀಳ್ಲಿ. ನಾನೂ ಬಂದು ಕೂತು ನೋಡ್ತೀನಿ."

ಬಿಸ್ಕತ್ತಕ್ಕನ ಗಂಡ ಸಮಾಧಾನಕ್ಕೆ ಬಾಯಿ ತೆರೆದ. ಅವಳ ಕಣ್ಣು ನೋಡಿ ಚಪ್ಪಲಿ ಮೆಟ್ಟಿಕೊಂಡು ಅಂಗಡಿಯ ಕಡೆ ಹೊರಟ.

ಅವಳು ಮಾತಿಗೆ ತಪ್ಪುವವಳಲ್ಲ. ಹಿಟ್ಟು ನಾದಿ, ಲಟ್ಟಿಸಿ, ಅಚ್ಚು ಒತ್ತಿ, ಒಂದೂ ಸೀಯದಂತೆ ಒಂದೂ ಬಾಗದಂತೆ ಬೇಯಿಸಿದಳು. ನಾಳೆ ಬಣ್ಣ ಕೆಟ್ಟರೆ ಬಿಸ್ಕತ್ತಿನ ಮೇಲೆ ತಪ್ಪು ಹಾಕುವ ದಾರಿಯೂ ಕಿರಿಯಳಿಗೆ ಸಿಗಬಾರದು! ಕಿರಿಯಳು ಬಣ್ಣ ಕಲಸಲು ಸಕ್ಕರೆ ಪುಡಿಗೆ ಮೊಟ್ಟೆಯ ಬಿಳಿ ಎಷ್ಟು ಎಂದು ಅತ್ತೆಯ ಮೂಲಕ ಕೇಳಿಸಿದಳು. "ಫೋಟೋದಲ್ಲಿ ಕಾಣಲ್ವಂತಾ?" ಎಂಬ ಉತ್ತರ ಹೋಯಿತು.

ಶಾಲೆಯಲ್ಲಿ ಬಿಸ್ಕತ್ತಕ್ಕ ಹಿಂದಿನ ಸಾಲಿನ ಮೋಟು ಕುರ್ಚಿಯಲ್ಲಿ ಮೊಣಕಾಲು ಎದೆಗೆ ತಾಗುವಂತೆ ಕೂತಳು. ಬಾಗಿಲ ಬಳಿ ಹುಡುಗಿಯೊಬ್ಬಳು ಚೀಲ ತಬ್ಬಿಕೊಂಡು ಬಿಕ್ಕುತ್ತಿದ್ದಳು. ಕಿರಿಯಳು ಬಣ್ಣದ ಸಕ್ಕರೆ ತುಂಬಿದ ಕೋನು ಹಿಂಡಿದಳು. ಸಕ್ಕರೆ ತೀರಾ ನೀರಾಗಿತ್ತು. ಹಳದಿ ಬಣ್ಣ ಬಸ್ಸಿನಿಂದಿಳಿದು ಮೇಜಿಗೆ ಹರಿಯಿತು, ಕಿಟಕಿಗಳು ಕರಗಿ ಒಂದರೊಳಗೊಂದು ಸೇರಿದವು.

"ಮಿಸ್, ಬಸ್ಸು ಅಳ್ತಿದೆ!"

"ಅಲ್ಲ, ಅದಕ್ಕೆ ನೆಗಡಿ!"

ತರಗತಿಯೆಲ್ಲ ಹೋ ಎಂದಿತು. ಬಿಸ್ಕತ್ತಕ್ಕನ ಹೊಟ್ಟೆ ತಣ್ಣಗಾಯಿತು. ಅಳಲಿ ಇನ್ನು, ಎಂದು ಕಾದಳು. ಆದರೆ ಕಿರಿಯಳು ಕೈ ನೋಡಿಕೊಂಡು, ಬಸ್ಸು ನೋಡಿ, ತಾನೂ ಮಕ್ಕಳ ಜೊತೆ ನಕ್ಕುಬಿಟ್ಟಳು. "ನಂಗೆ ಬರಲ್ಲ ಕಣ್ರೋ, ನೀವೇ ಹಾಕಿ," ಎಂದು ಕೋನುಗಳನ್ನು ಹಂಚಿದಳು.

ಮಕ್ಕಳು ಮುಗಿಬಿದ್ದರು. ಪೆನ್ಸಿಲ್ಲಿಗೆ ಮೀಸೆ ಬಂತು, ಸ್ಲೇಟಿಗೆ ಕಾಲು ಬಂತು. ಎಲ್ಲರ ಬಾಯಿಯೂ ನೀಲಿ. ಬಿಕ್ಕುತ್ತಿದ್ದ ಹುಡುಗಿ ಚೀಲ ಯಾವಾಗ ಇಳಿಸಿದಳೋ ಯಾರಿಗೂ ತಿಳಿಯಲಿಲ್ಲ.

ಟೀಚರಮ್ಮ ಹಿಂದಿನ ಸಾಲಿಗೆ ಬಂದು ಪಿಸುಗುಟ್ಟಿದಳು. "ಹೋದ ವರ್ಷದ ಬಿಸ್ಕತ್ತು ತುಂಬಾ ಚೆಂದ ಇದ್ವಂತೆ. ಅಷ್ಟು ಚೆಂದ ಅಂತ ಯಾರೂ ತಿನ್ನಲೇ ಇಲ್ವಂತೆ ನೋಡಿ. ಮುಟ್ಬೇಡ, ಮುರೀಬೇಡ ಅಂತ ಮನೇಲಿ ಗಾಜಿನ ಕಪಾಟಲ್ಲಿಟ್ರೆ ಇರುವೆ ಮುತ್ತಿದ್ವಂತೆ."

ಬಿಸ್ಕತ್ತಕ್ಕನಿಗೆ ಕುರ್ಚಿ ಚುಚ್ಚಿದಂತಾಯಿತು. ಎದ್ದುನಿಂತಳು. "ಹೋದ ವರ್ಷದ್ದು ನಾನ್ ಮಾಡಿದ್ದು! ಅದಕ್ಕೂ ಹಿಂದಿನವೂ ನಂದೇ!"

ಟೀಚರಮ್ಮ ಕಿರಿಯಳ ಕಡೆ ತಿರುಗಿದಳು.

"ಹೌದು ಮಿಸ್," ಎಂದಳು ಕಿರಿಯಳು. "ಎಲ್ಲಾ ಅಕ್ಕಂದೇ. ಅವತ್ತೇ ಹೇಳ್ಬೇಕಿತ್ತು, ನೀವು ಹೊಗಳ್ತಿದ್ರಲ್ಲ, ಆಸೆ ಆಯ್ತು."

ಟೀಚರಮ್ಮ ನಕ್ಕಳು. ಮಕ್ಕಳು ಏನೂ ಅರ್ಥವಾಗದೆಯೇ ಚಪ್ಪಾಳೆ ತಟ್ಟಿದರು. ಬಿಸ್ಕತ್ತಕ್ಕ ಕಿರಿಯಳನ್ನೇ ದುರುಗುಟ್ಟಿ ನೋಡಿದಳು. ಕದ್ದವಳು ಕದ್ದೆನೆಂದು ಒಪ್ಪಿಕೊಂಡೇ ಚಪ್ಪಾಳೆ ಗಿಟ್ಟಿಸಿಕೊಂಡಳಲ್ಲ! ಇನ್ನು ಜಗಳವಾಡಲು ತನ್ನ ಕೈಯಲ್ಲಿ ಉಳಿದದ್ದಾದರೂ ಏನು? ಹುಡುಗನೊಬ್ಬ ಅಂಟಂಟಾದ ಬಸ್ಸೊಂದನ್ನು ಅವಳ ಮುಂದೆ ಚಾಚಿದ. "ತಗೊಳ್ಳಿ ಅಜ್ಜಿ."

"ಬೇಡ," ಎಂದಳು. ಅವನು ಇನ್ನೊಮ್ಮೆ ಕೇಳದೆ ತಾನೇ ತಿಂದ.

ಮರುದಿನವೇ ಎಲೆಕ್ಟ್ರಿಷಿಯನ್ ಬಂದ. ಓವನ್ನು ಅಡುಗೆಮನೆ ಬಿಟ್ಟು ಹಿಂದಿನ ಸಾಮಾನಿನ ಕೋಣೆಗೆ ಹೋಯಿತು, ಜೊತೆಗೆ ಅಚ್ಚು, ಜರಡಿ, ಲಟ್ಟಣಿಗೆ.

"ಇಷ್ಟಕ್ಕೇ ಮನೆ ಎರಡು ಮಾಡ್ತೀಯೇನೇ?" ಅತ್ತೆಗೆ ಅಂದು ಕಿವಿ ಕೇಳಿಸಿತ್ತು.

"ಮನೆ ಅಲ್ಲ ಅತ್ತೆ, ಒಲೆ."

ಸಂಜೆ ಕಿರಿಯಳು ಆ ಬಾಗಿಲ ಬಳಿ ನಿಂತು, "ಅಕ್ಕಾ, ಸಕ್ಕರೆ ಗಟ್ಟಿ ಬರೋಕೆ ಏನ್ ಮಾಡ್ಬೇಕು?" ಎಂದು ನೇರವಾಗಿಯೇ ಕೇಳಿದಳು. ಬಾಗಿಲು ಮುಚ್ಚಿಕೊಂಡಿತು.

ಮುಂದಿನ ವರ್ಷ ಶಾಲೆಯವರು ಇಬ್ಬರನ್ನೂ ಕರೆದರು. ಕಿರಿಯಳು ಹೋದಳು. ಬಿಸ್ಕತ್ತಕ್ಕ ಹಿಂದಿನ ಕೋಣೆಯಲ್ಲಿ ಎಂದಿನಂತೆ ಬಸ್ಸು ಬರೆದಳು, ಕಿಟಕಿಗೊಂದು ಮುಖ ಬರೆದಳು, ಎಲ್ಲವನ್ನೂ ಸಾಲಾಗಿ ಜೋಡಿಸಿದಳು. ತೆಗೆದುಕೊಂಡು ಹೋಗುವವರು ಯಾರೂ ಇರಲಿಲ್ಲ. ಬಹಳ ಹೊತ್ತು ನೋಡಿ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು. ಸಕ್ಕರೆ ಜಾಸ್ತಿಯಾಗಿತ್ತು. ಆ ಮಾರಾಯ್ತಿಯೇ ಅಳತೆಯ ಡಬ್ಬಿ ಬದಲಾಯಿಸಿಟ್ಟಿರಬೇಕು ಎಂದು ಹಲ್ಲು ಕಡಿಯುತ್ತ, ಇನ್ನೊಂದನ್ನು ಮುರಿದಳು.