ತೆನೆ ಹುಡುಕಿಕೊಂಡು ಹೊರಟ ಗುರ್ಕಾರ

ಮೊನ್ನೆ ಸೆಪ್ಟೆಂಬರಿನಲ್ಲಿ, ಒಂದು ಹಿಡಿ ಭತ್ತದ ತೆನೆಗಾಗಿ ಸ್ಕೂಟರಿನಲ್ಲಿ ಮೂರು ತಾಲೂಕು ಸುತ್ತಿದ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ತಲೆಗೆ ಹೆಲ್ಮೆಟ್, ಮೈಗೆ ರೈನ್‌ಕೋಟ್, ಮುಖದಲ್ಲಿ ದೊಡ್ಡ ಗಾಂಭೀರ್ಯ. ಕಂಡಿದ್ದರೆ ಅದು ನಾನೇ.

ನನ್ನ ಮನೆಯ ಪಕ್ಕದಲ್ಲೇ ತೆನೆ ತುಂಬಿ ನಿಂತ ಗದ್ದೆ ಉಂಟು. ಆದರೂ ಸುತ್ತಿದೆ. ಬುದ್ಧಿ ನೆಟ್ಟಗಿದ್ದವನು ಮಾಡುವ ಕೆಲಸವಾ ಇದು?

ನಾನು ಸಿದ್ಧಕಟ್ಟೆಯಲ್ಲಿ ಕೆಂಪುಕಲ್ಲಿನ ಕೆಲಸ ಮಾಡುವ ಮೇಸ್ತ್ರಿ ಎಂದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ಎಂದೂ ಗೊತ್ತು (ಪದಕ ತೋರಿಸುವವರ ಹಾಗೆ ನಾನೇ ಆಗಾಗ ಹೇಳುತ್ತಿರುತ್ತೇನಲ್ಲ). ಗೊತ್ತಿಲ್ಲದ್ದು ಇದು: ನಾನು ನಮ್ಮ ಚರ್ಚಿನ ಒಂದು ವಾರ್ಡಿನ ಗುರ್ಕಾರ. ಅಂದರೆ ವಾರ್ಡಿನ ಕ್ರೈಸ್ತ ಮನೆಗಳಿಗೆಲ್ಲ ಮುಖ್ಯಸ್ಥ. ಸಂಬಳ ಇಲ್ಲ, ಗತ್ತು ಉಂಟು.

ಸೆಪ್ಟೆಂಬರಿನಲ್ಲಿ ನಮಗೆ ಮೊಂತಿ ಹಬ್ಬ. ಮೇರಿ ಮಾತೆ ಹುಟ್ಟಿದ ದಿನ, ಹೊಸ ಬೆಳೆಯ ದಿನ. ಚರ್ಚಿನಲ್ಲಿ ಭತ್ತದ ತೆನೆಗೆ ಆಶೀರ್ವಾದ ಮಾಡಿ ಮನೆಮನೆಗೆ ಕೊಡುತ್ತಾರೆ. ಕಾಳು ಸುಲಿದು ಪಾಯಸಕ್ಕೆ ಹಾಕಿ ಮನೆಯವರೆಲ್ಲ ಒಟ್ಟಿಗೆ ಬಾಳೆಲೆಯಲ್ಲಿ ಉಣ್ಣುತ್ತೇವೆ. ಆವತ್ತು ಮೀನಿಲ್ಲ, ಮಾಂಸವಿಲ್ಲ. ಈ ಸಲ ತೆನೆ ತರುವ ಸರದಿ ನಮ್ಮ ವಾರ್ಡಿನದ್ದು. ವಾರ್ಡಿನದ್ದು ಅಂದರೆ ನನ್ನದು.

ಹಬ್ಬಕ್ಕೆ ಮುಂಚಿನ ಆದಿತ್ಯವಾರ ಫಾದರ್ ಪ್ರವಚನದಲ್ಲಿ ಒಂದು ಮಾತು ಹೇಳಿದರು. ನಾವು ನಂಬಿದ್ದನ್ನು ನಮ್ಮ ಚರ್ಚಿನ ನಾಲ್ಕು ಗೋಡೆಯೊಳಗೇ ಇಟ್ಟುಕೊಂಡರೆ ಆಗುವುದಿಲ್ಲ, ಬೇರೆ ಭಾಷೆಯವರ ಹತ್ತಿರ, ಬೇರೆ ಕ್ರಮದವರ ಹತ್ತಿರ ಹೋಗಬೇಕು, ಯಾರನ್ನೂ ಮತ ಬದಲಿಸಲಿಕ್ಕೆ ಅಲ್ಲ, ಏಸುಸ್ವಾಮಿಯ ಪ್ರೀತಿ ಎಂಥದ್ದು ಎಂದು ಅವರಿಗೂ ತಿಳಿಯಲಿಕ್ಕೆ, ಎಂದರು. ಮುಂದಿನ ಬೆಂಚಿನಲ್ಲಿ ಕೂತಿದ್ದ ನಾನು ಎಲ್ಲರಿಗೂ ಕಾಣುವ ಹಾಗೆ ತಲೆ ಆಡಿಸಿದೆ. ಪೂಜೆ ಮುಗಿದ ಮೇಲೆ ಫಾದರ್ ಹತ್ತಿರ ಹೋಗಿ, ನಾನು ಶುರು ಮಾಡ್ತೇನೆ ಫಾದರ್ ಎಂದೂ ಹೇಳಿದೆ. ಮನೆ ಕಟ್ಟುವ ಕಂತ್ರಾಟು ಹಿಡಿದಷ್ಟೇ ಸಲೀಸಾಗಿ.

ಮನೆಗೆ ಬಂದು ಕನ್ನಡಿ ಎದುರು ನಿಂತು ತುಳುವಿನಲ್ಲಿ ಭಾಷಣ ಪ್ರಾಕ್ಟೀಸ್ ಮಾಡಿದೆ. ನನ್ನ ಪ್ರಾರ್ಥನೆ ಎಲ್ಲ ಕೊಂಕಣಿಯಲ್ಲಿ. ತುಳುವಿನಲ್ಲಿ ಸಿಮೆಂಟಿನ ವಿಷಯ ಮಾತಾಡಬಲ್ಲೆ, ಮಳೆಯ ವಿಷಯ ಮಾತಾಡಬಲ್ಲೆ. ದೇವರ ಕೃಪೆಯ ವಿಷಯ ತುಳುವಿನಲ್ಲಿ ಮಾತಾಡಿ ಅಭ್ಯಾಸ ಎಲ್ಲುಂಟು? ಹುಟ್ಟಿದಾಗಿನಿಂದ ತುಳುವರ ನಡುವೆ ಬದುಕಿದ್ದೇನೆ, ಅದಕ್ಕೊಂದು ಶಬ್ದ ಬೇಕು ಎಂದು ಇಷ್ಟು ವರ್ಷ ಅನ್ನಿಸಿಯೇ ಇರಲಿಲ್ಲ.

ಇರಲಿ, ತೆನೆಗೆ ಬರುವ. ನಮ್ಮ ವಾರ್ಡಿನ ಗದ್ದೆಗಳೆಲ್ಲ ಅಡಿಕೆ ತೋಟವಾಗಿವೆ, ರಬ್ಬರ್ ಆಗಿವೆ, ಸೈಟ್ ಆಗಿವೆ (ಸೈಟ್‌ಗಳಿಗೆ ಕಾಂಪೌಂಡ್ ಕಟ್ಟಿದ್ದು ನಾನೇ). ಉಳಿದದ್ದು ಒಂದೇ ಗದ್ದೆ, ಪಕ್ಕದ ಮನೆಯ ಬಾಬಣ್ಣನದ್ದು. ಬಾಬಣ್ಣನಿಗೂ ನನಗೂ ಎರಡು ವರ್ಷದಿಂದ ಮಾತಿಲ್ಲ.

ಕಾರಣ ನನ್ನ ಕಾಂಪೌಂಡ್. ಮುಂಚೆ ಎರಡು ಮನೆಗಳ ನಡುವೆ ಬೇಲಿ ಇತ್ತು, ಬೇಲಿಯಲ್ಲಿ ದಾಟಲಿಕ್ಕೆ ಒಂದು ತಡಮೆ ಇತ್ತು. ಬಾಬಣ್ಣನ ಮನೆಯವರು ನಮ್ಮ ಅಂಗಳ ಹಾದು ಬಸ್ಸಿಗೆ ಹೋಗುತ್ತಿದ್ದರು. ಹೊಸ ಮನೆ ಕಟ್ಟಿದ ಮೇಲೆ ನಾನು ಆರಡಿ ಎತ್ತರದ ಗೋಡೆ ಎಬ್ಬಿಸಿದೆ. ಒಬ್ಬ ಮನುಷ್ಯ ಹೋಗುವಷ್ಟು ಜಾಗ ಬಿಡಿ ಎಂದು ಅವರು ಕೇಳಿದ್ದರು. ಸಂದು ಬಿಟ್ಟರೆ ಅದು ಕಾಂಪೌಂಡ್ ಹೇಗಾಗುತ್ತದೆ ಎಂದು ನಾನು ಮೇಸ್ತ್ರಿಯ ಗತ್ತಿನಲ್ಲಿ ಹೇಳಿಬಿಟ್ಟೆ. ಅಲ್ಲಿಗೆ ಮುಗಿಯಿತು.

ಬಾಬಣ್ಣನ ಹತ್ತಿರ ತೆನೆ ಕೇಳಿದರೆ ನಿಮ್ಮ ಕಿರೀಟ ಬೀಳ್ತದಾ ಎಂದು ಹೆಂಡತಿ ಕೇಳಿದಳು. ನಾನು ಸ್ಕೂಟರ್ ಸ್ಟಾರ್ಟ್ ಮಾಡಿದೆ.

ಮೂಡುಬಿದಿರೆಯ ಹತ್ತಿರ ಒಬ್ಬ ಗುರ್ತದವರ ಗದ್ದೆ ಇತ್ತು. ಹೋಗಿ ನೋಡಿದರೆ ಅಲ್ಲಿ ಹಾಲ್ ಕಟ್ಟುತ್ತಿದ್ದಾರೆ. ವೇಣೂರು ದಾಟಿ ಬೆಳ್ತಂಗಡಿಗೆ ಹೋದರೆ ದಾರಿಯುದ್ದಕ್ಕೂ ಅಡಿಕೆ, ಅದು ಬಿಟ್ಟರೆ ರಬ್ಬರ್. ಎಲ್ಲೋ ಒಂದು ಗದ್ದೆ ಸಿಕ್ಕಿತು, ತೆನೆ ಬಂದಿರಲಿಲ್ಲ. ಕೊನೆಗೆ ಮುಂಡಾಜೆಯಲ್ಲಿ ರಸ್ತೆಯಿಂದ ಸ್ವಲ್ಪ ಒಳಗೆ ಒಳ್ಳೆಯ ತೆನೆ ಕಂಡಿತು. ಬದುವಿನಲ್ಲಿ ವಯಸ್ಸಾದ ಒಬ್ಬರು ಹೆಂಗಸು ಹುಲ್ಲು ಕೊಯ್ಯುತ್ತಿದ್ದರು. ಹೆಸರು ಕಮಲಕ್ಕ.

ಒಂದು ಹಿಡಿ ತೆನೆ ಬೇಕಿತ್ತು ಎಂದೆ. ಯಾಕೆ ಎಂದು ಕೇಳಿದರು. ಇದೇ ಚಾನ್ಸ್ ಎಂದು ನಾನು ಭಾಷಣ ಶುರು ಮಾಡಿದೆ. ಆಶ್ಚರ್ಯವೆಂದರೆ, ತುಂಬಾ ಚೆನ್ನಾಗಿ ಬಂತು. ಮೇರಿ ಮಾತೆ, ಬಡವರ ಮನೆಯಲ್ಲಿ ಮಗುವಾಗಿ ಬಂದ ದೇವರು, ಹೊಸ ಅಕ್ಕಿಯ ಊಟ, ನೆರೆಯವರನ್ನು ಪ್ರೀತಿಸಬೇಕು ಎಂಬ ಏಸುಸ್ವಾಮಿಯ ಮಾತು, ಒಂದೂ ಬಿಡಲಿಲ್ಲ. ಕಮಲಕ್ಕ ಕತ್ತಿ ಕೆಳಗಿಟ್ಟು ಕೇಳಿದರು. ಒಳ್ಳೆಯ ಮಾತು, ನಮ್ಮಲ್ಲಿಯೂ ತೆನೆ ತಂದು ಮನೆಯಲ್ಲಿ ಕಟ್ಟುವ ಕ್ರಮ ಉಂಟು ಎಂದು ಹೇಳಿ ದೊಡ್ಡ ಕಟ್ಟೇ ಕೊಯ್ದು ಕೊಟ್ಟರು. ನನಗೆ ಎದೆ ಉಬ್ಬಿತು.

ಆಮೇಲೆ ಊರು ಕೇಳಿದರು. ಸಿದ್ಧಕಟ್ಟೆ ಎಂದೆ.

“ಅಲ್ಲಿ ಗದ್ದೆಯೇ ಇಲ್ಲವಾ?”

ಅಷ್ಟು ದೊಡ್ಡ ಭಾಷಣ ಮಾಡಿದ ಬಾಯಲ್ಲಿ ಕೂಡಲೇ ಸುಳ್ಳು ಹೇಳುವುದು ಹೇಗೆ? ಉಂಟು, ಪಕ್ಕದ ಮನೆಯವರದ್ದು, ಆದರೆ ಮಾತಿಲ್ಲ ಎಂದೆ.

ಕಮಲಕ್ಕ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

“ಈಗ ನನಗೆ ಹೇಳಿದ್ದನ್ನು ಅವರಿಗೆ ಹೇಳಿದ್ದೀರಾ?”

“ಇಲ್ಲ.”

“ಅಷ್ಟು ಒಳ್ಳೆಯ ಮಾತನ್ನು ಇಷ್ಟು ದೂರ ಯಾಕೆ ಹೊತ್ತುಕೊಂಡು ಬಂದಿರಿ ಮಾರಾಯ್ರೆ?”

ಹಿಂದೆ ಬರುವಾಗ ಸ್ಕೂಟರಿಗೆ ಆ ತೆನೆ ಕಟ್ಟು ಯಾಕೋ ಭಾರವಾಯಿತು. ಯೋಚಿಸಿ ನೋಡಿ. ಮುಂಡಾಜೆಯಲ್ಲಿ ನಾನು ಯಾರು? ಒಳ್ಳೆಯ ಮಾತಾಡುವ ಒಬ್ಬ ಪೊರ್ಬು (ನಮ್ಮ ಕಡೆಯ ತುಳುವರು ನಮ್ಮನ್ನು ಕರೆಯುವುದು ಹಾಗೆ). ಅಲ್ಲಿ ನನ್ನ ಗೋಡೆಯನ್ನು ಯಾರೂ ಕಂಡಿಲ್ಲ. ಗುರ್ತ ಇಲ್ಲದವರಿಗೆ ಪ್ರೀತಿಯ ವಿಷಯ ಹೇಳುವುದು ಎಷ್ಟು ಸುಲಭ! ಬಾಬಣ್ಣನಿಗೆ ಹೇಳಬೇಕಾದರೆ ಮಾತ್ರ ಕಷ್ಟ. ಅವರಿಗೆ ನನ್ನ ಗುರ್ತ ಉಂಟಲ್ಲ.

ತೆನೆ ಸಿಕ್ಕಿಯಾಗಿತ್ತು. ನೇರ ಚರ್ಚಿಗೆ ಹೋಗಿ ಕೊಟ್ಟಿದ್ದರೆ ಫಾದರ್ ಶಹಬ್ಬಾಸ್ ಹೇಳುತ್ತಿದ್ದರು. ಆದರೆ ಸ್ಕೂಟರ್ ಬಾಬಣ್ಣನ ಅಂಗಳಕ್ಕೆ ಹೋಗಿ ನಿಂತಿತು. (ನಾನೇ ನಿಲ್ಲಿಸಿದೆ ಎನ್ನಲಿಕ್ಕೆ ಈಗಲೂ ನಾಚಿಕೆ.)

ಬಾಬಣ್ಣ ಹುಲ್ಲಿನ ಹೊರೆ ಬಿಚ್ಚುತ್ತಿದ್ದರು. ನನ್ನನ್ನು ನೋಡಲಿಲ್ಲ, ಸ್ಕೂಟರಿನ ಕಟ್ಟನ್ನು ನೋಡಿದರು.

“ತೆನೆ ಸಿಕ್ಕಿತಲ್ಲ ಪೊರ್ಬುಗಳೇ. ಮತ್ತೆ ಇಲ್ಲಿಗೆ ಯಾಕೆ?”

ಕನ್ನಡಿ ಎದುರಿನ ಭಾಷಣದ ಒಂದು ಅಕ್ಷರವೂ ನೆನಪಿಗೆ ಬರಲಿಲ್ಲ.

“ಹಬ್ಬದ ಊಟಕ್ಕೆ ಕರೆಯಲಿಕ್ಕೆ ಬಂದೆ,” ಎಂದೆ. ಹೆಂಡತಿಯನ್ನು ಕೂಡ ಕೇಳಿರಲಿಲ್ಲ.

“ಪಾದ್ರಿ ಹೇಳಿ ಕಳಿಸಿದ್ದಾ?”

ಹೌದು ಎಂದರೂ ಸುಳ್ಳು, ಅಲ್ಲ ಎಂದರೂ ಪೂರ್ತಿ ಸತ್ಯವಲ್ಲ. “ಅವರು ಹೋಗಲಿಕ್ಕೆ ಹೇಳಿದ್ದು ಹೌದು. ಇಲ್ಲಿಗೆ ಬಂದದ್ದು ನಾನೇ.”

ಬಾಬಣ್ಣ ಹುಲ್ಲಿನ ಹೊರೆಯನ್ನು ಬದಿಗೆ ಸರಿಸಿದರು. ಆಮೇಲೆ ಒಳಗೆ ಕೂಗಿ ಬೆಲ್ಲ, ನೀರು ತರಲಿಕ್ಕೆ ಹೇಳಿದರು. ಹಬ್ಬಕ್ಕೆ ತೆನೆ ನಾನೂ ಕೊಡ್ತೇನೆ, ಊಟಕ್ಕೂ ಬರುವ ಎಂದರು. ಆದರೆ ಹೆಂಡತಿ ರಾಜೀವಿಗೆ ಮೊಣಕಾಲು ನೋವು, ರಸ್ತೆ ಸುತ್ತಿ ಬರಲಿಕ್ಕೆ ಆಗುವುದಿಲ್ಲ, ನಾನೊಬ್ಬನೇ ಬರ್ತೇನೆ ಎಂದರು. ಅಷ್ಟೇ. ಗೋಡೆಯ ಹೆಸರೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ನಾನೂ ನಾಲ್ಕು ಮಾತು ಹೇಳಿ ಹೊರಟು ಬರಬಹುದಿತ್ತು.

ಹಬ್ಬದ ಮುಂಚಿನ ದಿನ ಸಂಜೆ ಉಳಿ, ಸುತ್ತಿಗೆ ಹಿಡಿದು ಗೋಡೆಯ ಹತ್ತಿರ ಹೋದೆ. ನನ್ನದೇ ಕೆಲಸ, ಒಳ್ಳೆಯ ಕಲ್ಲು, ಸರಿಯಾದ ಮಿಕ್ಸ್. ಹೊಡೆದಷ್ಟೂ ಅಲುಗುವುದಿಲ್ಲ. ಇಷ್ಟು ಗಟ್ಟಿ ಯಾಕೆ ಕಟ್ಟಿದೆ ಮಾರಾಯ ಎಂದು ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ನನ್ನ ಕೆಲಸವನ್ನು ನಾನೇ ಬೈದದ್ದು ಜೀವಮಾನದಲ್ಲಿ ಅದೇ ಮೊದಲು. ಆಚೆಯಿಂದ ಬಾಬಣ್ಣ, ನೀರು ಹಾಕಿ ನೋಡಿ ಪೊರ್ಬುಗಳೇ, ಮೆದುವಾದರೂ ಆಗಬಹುದು ಎಂದು ತಮಾಷೆ ಮಾಡಿದರು. ಎರಡು ವರ್ಷದ ಬಡ್ಡಿ ಅದು, ತೆಗೆದುಕೊಂಡೆ. ಕತ್ತಲಾಗುವಷ್ಟರಲ್ಲಿ ಒಬ್ಬ ಮನುಷ್ಯ ಹೋಗುವಷ್ಟು ಜಾಗವಾಯಿತು.

ಹಬ್ಬದ ಬೆಳಿಗ್ಗೆ ಬಾಬಣ್ಣ ಆ ಜಾಗದಿಂದಲೇ ತೆನೆ ತಂದುಕೊಟ್ಟರು. ಮುಂಡಾಜೆಯದ್ದೂ ಅದೂ ಒಂದೇ ಬುಟ್ಟಿಯಲ್ಲಿ ಚರ್ಚಿಗೆ ಹೋಯಿತು. ಫಾದರ್ ಎಲ್ಲರೆದುರು, ನಮ್ಮ ಗುರ್ಕಾರರು ತೆನೆಗಾಗಿ ಮುಂಡಾಜೆಯವರೆಗೆ ಹೋಗಿ ನಮ್ಮ ಹಬ್ಬದ ವಿಷಯವನ್ನೂ ಹೇಳಿ ಬಂದಿದ್ದಾರೆ ಎಂದು ಹೊಗಳಿದರು (ಯಾರು ಹೇಳಿದ್ದು ಎಂದು ಕೇಳಬೇಡಿ). ನಾನು ತಲೆ ತಗ್ಗಿಸಿದೆ. ಜನ ಅದನ್ನು ವಿನಯ ಎಂದುಕೊಂಡರು.

ಮಧ್ಯಾಹ್ನ ಬಾಬಣ್ಣ, ರಾಜೀವಕ್ಕ ಇಬ್ಬರೂ ಬಂದು ಬಾಳೆಲೆಯ ಎದುರು ಕೂತರು. ಮೇರಿ ಮಾತೆಯ ಫೋಟೋ ನೋಡಿ, ಈ ಅಮ್ಮನಿಗೆ ಹೊಸ ಅಕ್ಕಿ ಯಾಕೆ ಎಂದು ರಾಜೀವಕ್ಕ ಕೇಳಿದರು. ನಾನು ಎರಡೇ ಮಾತಿನಲ್ಲಿ ಹೇಳಿದೆ. ಅದರಲ್ಲಿ ಒಂದು ತಪ್ಪು ಎಂದು ಹೆಂಡತಿ ತಿದ್ದಿದಳು. ಸಂಜೆ ಅವರು ಎಂದಿನ ಹಾಗೆ ತುಳಸಿಗೆ ದೀಪ ಇಟ್ಟರು, ನಾವು ಎಂದಿನ ಹಾಗೆ ಜಪಮಾಲೆ ಹೇಳಿದೆವು. ಗೋಡೆ ಒಡೆದ ಆ ಜಾಗದಿಂದ ಎರಡೂ ಕಾಣುತ್ತಿತ್ತು.

ಇಷ್ಟು ವರ್ಷದಲ್ಲಿ ಕಾಂಪೌಂಡ್ ಕಟ್ಟಿಸಲಿಕ್ಕೆ ನನಗೆ ಫೋನ್ ಮಾಡಿದವರಿಗೆ ಲೆಕ್ಕವಿಲ್ಲ. ಕಟ್ಟಿದ್ದರಲ್ಲಿ ಒಂದು ದಾರಿ ಬಿಡಿಸಲಿಕ್ಕೆ ನೀವು ಯಾವಾಗ ಫೋನ್ ಮಾಡ್ತೀರಿ?