ಕಂಬಗಳ ಹಿಂದಿನ ಒಲೆ

ಗುರುದೇವಿ ಸಿಟ್ಟು ಬಂದಾಗ ಕೂಗಾಡುವ ಹೆಂಗಸಲ್ಲ. ಸಿಟ್ಟು ಬಂದಷ್ಟೂ ಅವಳ ಮಾತು ಕಡಿಮೆಯಾಗುತ್ತದೆ, ಕೈ ಚುರುಕಾಗುತ್ತದೆ. ಆ ಭಾನುವಾರ ಬೆಳಿಗ್ಗೆ ಇಡೀ ಕನ್ನಡ ಸಂಘದ ಊಟಕ್ಕೆ ಬೇಕಾದ ಸೌತೆಕಾಯಿಯನ್ನು ಒಬ್ಬಳೇ ಹೆಚ್ಚಿ ಮುಗಿಸಿದ್ದಳು.

ಗದಗಿನ ಹುಡುಗಿ. ಹುಬ್ಬಳ್ಳಿಯಲ್ಲಿ ಆರ್ಕಿಟೆಕ್ಚರ್ ಓದಿ, ಮದುವೆಯಾಗಿ ಶಿಕಾಗೋಗೆ ಬಂದವಳು ಎಲ್ಕ್ ಗ್ರೋವ್ ವಿಲೇಜಿನ ಆಫೀಸೊಂದರಲ್ಲಿ ಗೋದಾಮುಗಳ, ಡೇಟಾ ಸೆಂಟರುಗಳ ನಕ್ಷೆ ಬರೆಯುತ್ತ ಅರ್ಧ ಆಯಸ್ಸು ಕಳೆದಿದ್ದಳು. ಎಲ್ಲವೂ ಕಿಟಕಿಯಿಲ್ಲದ ಕಟ್ಟಡಗಳು. ಮೆಷಿನುಗಳಿಗೆ ಬೆಳಕು ಯಾಕೆ ಬೇಕು? ಹಾಗಾಗಿ ಕನ್ನಡ ಸಂಘದವರು ಗ್ಲೆಂಡೇಲ್ ಹೈಟ್ಸಿನ ಆಚೆ ಒಂದು ಹಳೆಯ ತೋಟದ ಮನೆ ಕೊಂಡು, "ಒಂದು ಡ್ರಾಯಿಂಗ್ ಮಾಡ್ಕೊಡಿ" ಎಂದಾಗ ಅವಳು ಶನಿವಾರಗಳನ್ನೆಲ್ಲ ಅಲ್ಲಿಗೇ ಕೊಟ್ಟಳು.

ಮುಂದಿನಿಂದ ನೋಡಿದರೆ ಅದು ಗ್ರೀಕರ ಗುಡಿ. ನಾಲ್ಕು ಬಿಳಿ ಕಂಬ, ಮೇಲೆ ತ್ರಿಕೋನದ ಹಣೆ, ನಟ್ಟನಡುವೆ ಬಾಗಿಲು, ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ ಕಿಟಕಿ. ಕಂಬ ತಟ್ಟಿದರೆ ಡೋಲಿನಂತೆ ಸದ್ದು, ಒಳಗೆ ಪೊಳ್ಳು. ಮೇಲಿನ ಒಂದು ಕಿಟಕಿಗೆ ರೆಪ್ಪೆ ಮಾತ್ರ ಇತ್ತು, ಕಣ್ಣಿರಲಿಲ್ಲ. ಹಿಂದೆ ಮೆಟ್ಟಿಲು ಅಡ್ಡ ಬಂದದ್ದಕ್ಕೆ, ಸಾಲು ಕೆಡದಿರಲೆಂದು ಬರೀ ಗೋಡೆಗೆ ಕಿಟಕಿಯ ಬಾಗಿಲು ಹೊಡೆದಿದ್ದರು.

ಹಜಾರ ದಾಟಿ ಎರಡು ಮೆಟ್ಟಿಲು ಇಳಿದರೆ ಬೇರೆಯೇ ಮನೆ. ತಲೆಗೆ ತಾಗುವ ಮಾಡು, ಮೊಳದಷ್ಟು ದಪ್ಪದ ಇಟ್ಟಿಗೆ ಗೋಡೆ, ಬೆಳಕು ಎಲ್ಲಿ ಬೇಕೋ ಅಲ್ಲಿ ಕೊರೆದ ಕಿಟಕಿಗಳು, ಒಬ್ಬ ಆಳು ನಿಲ್ಲುವಷ್ಟು ದೊಡ್ಡ ಒಲೆ. ಇಂಗ್ಲೆಂಡಿನಿಂದ ಬಂದ ರೈತನೊಬ್ಬ ತನ್ನೂರಿನ ರೀತಿಯಲ್ಲಿ ಕಟ್ಟಿಕೊಂಡದ್ದು. ಹಾಲು ಮಾರಿ ಕಾಸು ಕಂಡ ಮೊಮ್ಮಗ, ಅಜ್ಜನ ಮನೆ ರಸ್ತೆಗೆ ಕಾಣದಂತೆ ಮುಂದೆ ಈ ಗುಡಿಯನ್ನು ನಿಲ್ಲಿಸಿದ್ದ.

ಸಂಘದ ಅಧ್ಯಕ್ಷ ತಿರುಮಲೇಶ ಮೈಸೂರಿನವರು. ಕಂಬ ನೋಡಿದವರೇ "ಅರಮನೆಗೆ ಬಂದಂಗಾಯ್ತು" ಎಂದರು. ಹಿಂಭಾಗ ಕೆಡವಿ ಊಟದ ಹಾಲ್ ಕಟ್ಟುವುದೆಂದು ತೀರ್ಮಾನಿಸಿದರು.

"ಅದಽ ಖರೇ ಮನಿ ರೀ," ಎಂದಿದ್ದಳು ಗುರುದೇವಿ ಮೀಟಿಂಗಿನಲ್ಲಿ. "ಮುಂದಿಂದು ಬರೇ ಮುಖ."

"ಅಡುಗೆಮನೆ ಸೆಂಟಿಮೆಂಟ್ ಬಿಡಿ ಮೇಡಂ. ಜನ ಫೋಟೋ ತೆಗ್ಸೋದು ಮುಖಾನೇ ಅಲ್ವಾ?"

ಎಲ್ಲರೂ ನಕ್ಕರು. ಅವಳ ಗಂಡನೂ ನಕ್ಕ. ಗೃಹಪ್ರವೇಶದ ಮಾರನೇ ದಿನವೇ ಕೆಡವುವ ಮೆಷಿನ್ ಬರುವುದೆಂದು ಗೊತ್ತಾಯಿತು.

ಗೃಹಪ್ರವೇಶದ ಆ ಭಾನುವಾರ ಹಾಲು ಉಕ್ಕಿಸುವುದೂ ಕಂಬಗಳ ನಡುವೆಯೇ. ಫೋಟೋ ಚೆನ್ನಾಗಿ ಬರಬೇಕಲ್ಲ. ಏಪ್ರಿಲ್ ತಿಂಗಳು, ನಲವತ್ತು ಡಿಗ್ರಿ ಫ್ಯಾರನ್‌ಹೀಟಿನ ಚಳಿ, ಬಯಲಿನ ಗಾಳಿ. ಕ್ಯಾಂಪಿಂಗ್ ಸ್ಟೋವ್ ಹಚ್ಚಿದರೆ ಆರಿತು, ಹಚ್ಚಿದರೆ ಆರಿತು. ಇಬ್ಬರು ಗಂಡಸರು ಕೋಟು ಬಿಚ್ಚಿ ಅಡ್ಡ ಹಿಡಿದು ನಡುಗಿದರು. ಪುರೋಹಿತರು ಗಡಿಯಾರ ನೋಡಿ, "ಮುಹೂರ್ತ ಜಾರ್ತಿದೆ" ಎಂದರು.

"ಅಮ್ಮಾ, ದಿಸ್ ಈಸ್ ಸೋ ಎಂಬರಾಸಿಂಗ್," ಎಂದಳು ಮಗಳು ತನಿಷಾ.

ಗುರುದೇವಿ ಸೆರಗಿನಲ್ಲಿ ಹಾಲಿನ ಪಾತ್ರೆ ಎತ್ತಿಕೊಂಡಳು.

"ಎಲ್ಲಿಗ್ ಹೊರಟ್ರಿ?" ಎಂದರು ತಿರುಮಲೇಶ.

"ಒಲಿಗೆ."

ಮನೆಯ ಅಳತೆ ತೆಗೆದ ದಿನಗಳಲ್ಲಿ ಅವಳು ಒಲೆಯ ಚಿಮಣಿ ಶುಚಿ ಮಾಡಿಸಿ, ಬೆಂಕಿ ಹಾಕಿ ನೋಡಿದ್ದಳು. ಉಳಿದ ಕಟ್ಟಿಗೆ ಮೂಲೆಯಲ್ಲಿಯೇ ಇತ್ತು. ಬೆಂಕಿ ಹಿಡಿಯಿತು, ಹೊಗೆ ತಡವರಿಸದೆ ತನ್ನ ಹಳೇ ದಾರಿ ಏರಿತು. ಹಿಂದೆಯೇ ಬಂದವರು ಸ್ಕೋಕಿ ಊರಿನ ಇಂದುಮತಿ ಆಂಟಿ, ಸಂಘದಲ್ಲೇ ಹಿರಿಯರು.

"ಪಾತ್ರೆ ಒಂಚೂರು ವಾಲಿಸೇ. ಪೂರ್ವಕ್ಕೆ ಉಕ್ಕಲಿ."

ಹಾಲು ಉಕ್ಕಿತು. ಬೂದಿಯಲ್ಲಿ ಚುಂಯ್ ಎಂದು, ಕಲ್ಲಿನ ಮೇಲೆ ಬೆಳ್ಳಗೆ ಹರಿಯಿತು. ಇಂದುಮತಿ ಇಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿದರು. ಜನರೆಲ್ಲ ತಗ್ಗು ಬಾಗಿಲಲ್ಲಿ ತಲೆ ಬಗ್ಗಿಸಿ ಬಗ್ಗಿಸಿ ಒಳಬಂದರು, ತಿರುಮಲೇಶರೂ ಬಗ್ಗಿದರು.

"ನಾಳೆ ಒಡಿಯೋ ಜಾಗ ಅಂತ ಗೊತ್ತಿದ್ದೂ..." ಎಂದರು ಅವರು, ಹಲ್ಲು ಕಚ್ಚಿ.

"ಏನಂದೆ ತಿರುಮಲೇಶ?" ಇಂದುಮತಿ ತಿರುಗಿದರು. "ಹಾಲುಕ್ಕಿದ ಒಲೇನ ಒಡೀತೀಯಾ?"

"ಅಲ್ಲ ಆಂಟಿ, ಪ್ಲಾನ್ ಆಗೋಗಿದೆ..."

"ಒಡಿ. ಮೊದಲ್ನೇ ಏಟು ನೀನೇ ಹಾಕು. ನಾನು ಇಲ್ಲೇ ಕುರ್ಚಿ ಹಾಕ್ಕೊಂಡು ಕೂತಿರ್ತೀನಿ."

ತಿರುಮಲೇಶ ಪುರೋಹಿತರ ಮುಖ ನೋಡಿದರು. ಪುರೋಹಿತರು ತೆಂಗಿನಕಾಯಿಯ ಜುಟ್ಟು ನೋಡುತ್ತ ನಿಂತರು. ಕೊನೆಗೆ ತಿರುಮಲೇಶ ಹೊರಗೆ ಹೋಗಿ ಮೆಷಿನ್‌ನವರಿಗೆ ಫೋನು ಮಾಡಿದರು, ಬರಬೇಡಿ ಎಂದು.

ಮತ್ತೆ ಒಳಗೆ ಬಂದು ಗುರುದೇವಿಯ ಬಳಿ ನಿಂತರು. "ಬೇಕಂತಲೇ ಮಾಡಿದ್ರಿ."

"ಹೌದ್ರಿ. ಗಾಳಿ ಮಾತ್ರ ನಾ ಬೀಸಿದ್ದಲ್ಲ."

"ಸರಿ. ಇದನ್ನ ಉಳಿಸ್ಕೊಂಡು ಹೊಸ ಡ್ರಾಯಿಂಗ್ ಬರ್ಕೊಡಿ ಹಾಗಾದ್ರೆ."

ಒಲೆ ಉಳಿದಿತ್ತು. ಸಿಟ್ಟು ಇಳಿದಿರಲಿಲ್ಲ. ಎಷ್ಟು ಶನಿವಾರ ಅಳೆದಿದ್ದಳು, ಗೋಡೆ ಗೋಡೆಯನ್ನೂ ಬಿಡಿಸಿ ಹೇಳಿದ್ದಳು. ಅವಳ ಓದಿಗೆ, ಅವಳ ಮಾತಿಗೆ ನಕ್ಕವರು ಚೆಲ್ಲಿದ ಹಾಲಿಗೆ ಕೈಮುಗಿದು ನಿಂತಿದ್ದರು. ಗಂಡ ಮೊಬೈಲ್ ಎತ್ತಿ, "ಒಲೆ ಪಕ್ಕ ನಿಲ್ಲು, ಫೋಟೋ ತೆಗೀತೀನಿ" ಎಂದ.

ಅವಳು ನಿಲ್ಲಲಿಲ್ಲ. ಯಾರೋ ಒದ್ದೆ ಬಟ್ಟೆ ತಂದು ಕಲ್ಲಿನ ಮೇಲಿನ ಹಾಲು ಒರೆಸಲು ಬಗ್ಗಿದರು. ಗುರುದೇವಿ ಆ ಬಟ್ಟೆ ಕಸಿದುಕೊಂಡಳು.

"ಇರ್ಲಿ ಬಿಡ್ರಿ. ನನ್ನ ಮಾತಿಗಿಂತ ಅದಕ್ಕಽ ಇಲ್ಲಿ ಬೆಲಿ ಐತಿ."