ನದಿಯ ವಿಡಿಯೊ ತೆಗೆದ ದಿನ

ಮಾರ್ಗಶಿರ ಬಹುಳ ತದಿಗೆ, ಬುಧವಾರ, ಬೆಳಗ್ಗೆ ಏಳು ಗಂಟೆ. ಕಾಶಿಯ ಶಿವಾಲದ ನಮ್ಮ ಮನೆಯ ನಡುಮನೆ. ಹಾಜರಿದ್ದವರು ನಾನು, ನನ್ನ ಮೈದುನ, ಅವನ ಮಗಳು. ಇಲ್ಲಿನ ಆಸ್ಪತ್ರೆಯೊಂದಕ್ಕೆ ನರ್ಸ್ ಆಗಿ ಸೇರಿ ಮೇಲ್ವಿಚಾರಕಿಯಾಗಿ ನಿವೃತ್ತಳಾದವಳು ನಾನು. ಪಾಳಿ ಬದಲಾಗುವಾಗ ಇಷ್ಟನ್ನು ಮೊದಲು ಬರೆದು ಆಮೇಲೆ ಮಿಕ್ಕದ್ದನ್ನು ಬರೆಯುವುದು ಅಲ್ಲಿನ ಶಿಸ್ತು. ಆ ಶಿಸ್ತು ಇನ್ನೂ ಕೈ ಬಿಟ್ಟಿಲ್ಲ.

ಮೈದುನ ಪುರೋಹಿತ. ಕರ್ನಾಟಕದಿಂದ ಕಾಶಿಗೆ ಬರುವವರಿಗೆ ಶ್ರಾದ್ಧ, ಪಿಂಡಪ್ರದಾನ ಮಾಡಿಸುವುದು ಅವನ ಅಜ್ಜನ ಕಾಲದಿಂದ ಬಂದ ಕೆಲಸ. ಮಗಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಮನೆಯಲ್ಲಿ ಕೂತು ಜಾಲತಾಣ ಕಟ್ಟುವುದು ಅವಳ ಉದ್ಯೋಗ. ಅಪ್ಪನಿಗೂ ಒಂದು ತಾಣ ಕಟ್ಟಿಕೊಟ್ಟಿದ್ದಳು. ತಾಣ ನೋಡಲು ಚೆಂದವಿತ್ತು. ಅದನ್ನು ನೋಡಿ ಫೋನ್ ಮಾಡಿದವರು ಮಾತ್ರ ಯಾರೂ ಇರಲಿಲ್ಲ.

ಅಂದು ಸಂಜೆ ನಾಲ್ಕಕ್ಕೆ, ಯಾತ್ರಿಕರಿಗೆ ಆ್ಯಪ್ ನಡೆಸುವ ಒಂದು ಕಂಪನಿಯ ಪ್ರತಿನಿಧಿ ಉತ್ತರ ಕೇಳಲು ಬರುವವನಿದ್ದ. ಅವರ ಷರತ್ತಿನಂತೆ ನಾವು ತಾಣ ಮುಚ್ಚಬೇಕು. ಬರುವವರೆಲ್ಲ ಅವರ ಆ್ಯಪಿನಿಂದಲೇ ಬರಬೇಕು. ಯಾವ ಮನೆಯವರಿಗೆ ಯಾವ ಪುರೋಹಿತ ಎಂಬುದನ್ನು ಕಂಪನಿ ಗೊತ್ತುಮಾಡುತ್ತದೆ. ಅಜ್ಜ, ಮಗ, ಮೊಮ್ಮಗ ಎಂದು ನಮ್ಮ ಮನೆಯನ್ನೇ ಹುಡುಕಿಕೊಂಡು ಬರುತ್ತಿದ್ದ ಕುಟುಂಬಗಳು ಇನ್ನು ಮುಂದೆ ಅವರ ಗಿರಾಕಿಗಳು. ಮೈದುನ ಒಪ್ಪುವ ಮನಸ್ಸು ಮಾಡಿಬಿಟ್ಟಿದ್ದ.

"ಅತ್ತಿಗೆ, ಕಾಲ ಹಾಗಿದೆ. ನಮ್ಮ ವಯಸ್ಸಿನವರಿಗೆ ಇದೆಲ್ಲ ಎಲ್ಲಿ ತಿಳಿಯುತ್ತೆ?" ಎಂದ.

ಆ 'ನಮ್ಮ'ದೊಳಗೆ ನನ್ನನ್ನೂ ಸೇರಿಸಿದ್ದು ನನಗೆ ಹಿಡಿಸಲಿಲ್ಲ. ಕೃತಕ ಉಸಿರಾಟದ ಯಂತ್ರ ನಮ್ಮ ವಾರ್ಡಿಗೆ ಮೊದಲ ಸಲ ಬಂದಾಗಲೂ ಇದೇ ಮಾತು ಕೇಳಿದ್ದೆ. ಯಂತ್ರ ಅರ್ಥವಾಗದಿದ್ದರೆ ಅರ್ಧ ತಪ್ಪು ಯಂತ್ರ ಮಾಡಿದವನದು ಎಂಬುದು ಅಂದಿನಿಂದ ನನ್ನ ನಂಬಿಕೆ. ಸಂಜೆಯವರೆಗೆ ಹೊತ್ತಿದೆ, ಅಲ್ಲಿಯ ತನಕ ಹೂಂ ಅನ್ನಬೇಡ ಎಂದು ಹೇಳಿ ಹುಡುಗಿಯನ್ನು ಕರೆದು ಕೂರಿಸಿಕೊಂಡೆ.

ವಾರ್ಡಿಗೆ ಹೊಸ ಮಂಚ ಬಂದರೆ ರೋಗಿಗೆ ಕೊಡುವ ಮೊದಲು ನಾನೇ ಅದರ ಮೇಲೆ ಮಲಗಿ ನೋಡುತ್ತಿದ್ದೆ. ಗಂಟೆಯ ಗುಂಡಿ ಕೈಗೆ ಎಟಕುತ್ತದೋ ಇಲ್ಲವೋ ಎಂಬುದು ನಿಂತು ನೋಡುವವರಿಗೆ ತಿಳಿಯುವುದಿಲ್ಲ. ತಾಣವನ್ನು ಯಾರಾದರೂ ಹೀಗೆ ಮಲಗಿ ನೋಡಿದ್ದಾರೆಯೇ ಎಂದು ಕೇಳಿದೆ. ತನ್ನ ಫೋನಿನಲ್ಲಿ ಸಬ್ ಠೀಕ್ ಬರುತ್ತಿದೆ ಎಂದಳು. ಅವಳ ಫೋನ್ ಹೊಸದು. ಮನೆಯ ವೈಫೈ ಅವಳ ತಲೆಯ ಮೇಲೇ ಇದೆ.

ಹಾವೇರಿಯಲ್ಲಿ ನನ್ನ ಹಳೆಯ ಸಹೋದ್ಯೋಗಿಯ ಪಕ್ಕದ ಮನೆಯಾಕೆ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಅತ್ತೆಯನ್ನು ಕಾಶಿಗೆ ಕರೆತರುವ ಯೋಚನೆ ಅವಳದು. ಅವಳಿಗೆ ತಾಣದ ವಿಳಾಸ ಕಳಿಸಿ, ಇದರಲ್ಲಿ ಪುರೋಹಿತರನ್ನು ಗೊತ್ತುಮಾಡಮ್ಮ, ಏನು ಕಾಣುತ್ತದೋ ಬಾಯಿಬಿಟ್ಟು ಹೇಳುತ್ತಾ ಹೋಗು ಎಂದೆ. ಫೋನಿನ ಸ್ಪೀಕರ್ ಹಾಕಿದೆ. ನಾವು ಕೈ ಹಾಕಬಾರದು, ಬಾಯಿಯೂ ಹಾಕಬಾರದು ಎಂದು ಹುಡುಗಿಗೆ ಮೊದಲೇ ತಾಕೀತು ಮಾಡಿದೆ.

"ಅಕ್ಕಾರ, ಇದು ಬರೇ ಗರಗರ ತಿರಗಾಕತ್ತೈತಿ," ಎಂದಿತು ಆ ಕಡೆಯ ದನಿ. "ನಮ್ಮ ಗಿರಣಿ ತಿರಗಿದ್ರ ಹಿಟ್ಟರ ಬೀಳತೈತಿ."

ತಿರುಗುತ್ತಿದ್ದದ್ದು ಗಂಗೆಯ ವಿಡಿಯೊ. ಪುಟ ತೆರೆದೊಡನೆ ತಾನಾಗಿಯೇ ಓಡಲಿ ಎಂದು ಹುಡುಗಿ ಆಸೆಯಿಂದ ಹಾಕಿದ್ದಳು. ಅದು ಇಳಿದ ಮೇಲೆ ಫೋನ್ ನಂಬರ್ ಹುಡುಕಲು ಗಿರಣಿಯಾಕೆ ಪುಟದ ತಳದವರೆಗೆ ಹೋಗಬೇಕಾಯಿತು. ಕನ್ನಡದ ಅಕ್ಷರ ಸಣ್ಣದಾಯಿತು ಎಂದು ಹಿಗ್ಗಿಸಿದರೆ ಮಸುಕಾಯಿತು. ವಿವರ ತುಂಬುವ ಜಾಗದಲ್ಲಿ ನಂಬರಿನ ನಡುವೆ ಒಂದು ತೆರಪು ಬಿಟ್ಟದ್ದಕ್ಕೆ ತಾಣ ಇಂಗ್ಲಿಷಿನಲ್ಲಿ ಕೆಂಪಗೆ ಬೈದು, ಹೆಸರು ಗೋತ್ರ ಎಲ್ಲವನ್ನೂ ಅಳಿಸಿಹಾಕಿತು. ಗಿರಣಿಗೆ ಜನ ಬಂದರು, ಆಮೇಲೆ ಮಾತಾಡುತ್ತೇನೆ ಎಂದು ಆಕೆ ಫೋನಿಟ್ಟಳು.

ಹುಡುಗಿಯ ಮುಖ ಕೆಂಪಾಗಿತ್ತು. "ಅವರ ಫೋನೇ ಪುರಾನಾ ಇದೆ ದೊಡ್ಡಮ್ಮ. ಅದಕ್ಕೆ ನನ್ನ ಸೈಟ್ ಏನ್ ಮಾಡ್ಬೇಕು?"

"ಹಳೇ ಫೋನಿನವರೇ ಇಲ್ಲಿಗೆ ಬರೋರು. ವಾರ್ಡಿಗೆ ಬರೋ ರೋಗಿ ಗಟ್ಟಿಮುಟ್ಟಾಗಿರಬೇಕು ಅಂದ್ರೆ ಆಗುತ್ತೇನೆ?"

ಮೊದಲು ವಿಡಿಯೊ ತೆಗೆಸಿದೆ. ಗಂಗೆಯನ್ನು ನೋಡಲು ಅವರು ಇಲ್ಲಿಗೇ ಬರುತ್ತಾರೆ, ಫೋನಿನಲ್ಲಿ ಯಾಕೆ? ಅದರ ಜಾಗದಲ್ಲಿ ಒಂದು ಫೋಟೊ, ಅದೂ ತೂಕ ಇಳಿಸಿದ್ದು. ನಂಬರನ್ನು ಪುಟದ ನೆತ್ತಿಗೆ ತಂದು, ಮುಟ್ಟಿದರೆ ಕರೆ ಹೋಗುವಂತೆ ಮಾಡಿದಳು. ತುಂಬಿದ ವಿವರದಲ್ಲಿ ಒಂದು ತಪ್ಪಿದ್ದರೆ ಆ ಒಂದನ್ನೇ ಕನ್ನಡದಲ್ಲಿ ಹೇಳಬೇಕು, ಉಳಿದದ್ದು ಅಲ್ಲೇ ಇರಬೇಕು ಎಂದೆ. ಅದಕ್ಕೆ ಬಹಳ ಹೊತ್ತು ಹಿಡಿಯಿತು. ನಡುವೆ ಅವಳಿಗೆ ಸಿಟ್ಟು ಬಂದು ಒಮ್ಮೆ ಎದ್ದೂ ಹೋದಳು. ಚಹಾ ಮಾಡಿಕೊಂಡು ತಾನೇ ಬಂದಳು.

ಕನ್ನಡ ಯಾಕೆ ಮಸುಕಾಗುತ್ತದೆ ಎಂದು ಕೇಳಿದಾಗ ಮಾತ್ರ ಅವಳು ಮತ್ತೆ ಫೋಟೊದ ತೂಕದ ಮಾತೆತ್ತಿದಳು. ಒತ್ತಿ ಕೇಳಿದ ಮೇಲೆ ತಿಳಿಯಿತು, ಅದು ಅಕ್ಷರವೇ ಅಲ್ಲ. ಅವಳಪ್ಪ ಹಿಂದೆ ಅಚ್ಚು ಹಾಕಿಸಿದ್ದ ಕರಪತ್ರದ ಚಿತ್ರ. ಕಾಶಿಯಲ್ಲಿ ಕನ್ನಡ ಪುರೋಹಿತರು ಎಂದು ಯಾರು ಎಷ್ಟು ಹುಡುಕಿದರೂ ನಾವು ಸಿಗದೆ ಇದ್ದದ್ದು ಇದಕ್ಕೇ. ಹುಡುಕುವ ಯಂತ್ರ ಹುಡುಕುವುದು ಅಕ್ಷರವನ್ನು. ನಮ್ಮ ಪುಟದಲ್ಲಿ ಅದಕ್ಕೆ ಸಿಗುವಂಥ ಒಂದು ಕನ್ನಡದ ಅಕ್ಷರವೂ ಇರಲಿಲ್ಲ.

"ನನಗೆ ಕನ್ನಡ ಟೈಪ್ ಮಾಡೋಕೆ ಬರಲ್ಲ," ಎಂದಳು. "ಓದೋದೂ ಜೋಡಿಸಿ ಜೋಡಿಸಿ. ಹೇಳೋಕೆ ಶರಮ್ ಆಯ್ತು."

ಅವಳು ಓದಿದ ಶಾಲೆಯಲ್ಲಿ ಕನ್ನಡ ಇರಲಿಲ್ಲ. ಅದು ಅವಳ ತಪ್ಪಲ್ಲ. ಮನೆಯಲ್ಲಿ ಕಲಿಸದ ನಾವೆಲ್ಲ ಪಾಲುದಾರರು. ಆದರೆ ಅದನ್ನು ಚರ್ಚಿಸುತ್ತಾ ಕೂರುವ ಹೊತ್ತು ಅದಲ್ಲ. ಟೈಪ್ ಮಾಡುವುದು ನನಗೆ ಬರುತ್ತದೆ, ಅದನ್ನು ಎಲ್ಲಿ ಇಡಬೇಕೆಂಬುದು ನಿನಗೆ ಬರುತ್ತದೆ, ಅಷ್ಟು ಸಾಕು ಎಂದೆ. ಫೋನಿನ ಕೀಲಿಮಣೆಯಲ್ಲಿ ಒಂದೊಂದೇ ಸಾಲು ಒತ್ತಿ ಅವಳಿಗೆ ಕಳಿಸುತ್ತಾ ಹೋದೆ.

ಪ್ರತಿನಿಧಿ ಬಂದಾಗ ಅರ್ಧ ಮುಗಿದಿತ್ತು. ಚುರುಕಾದ, ವಿನಯದ ಯುವಕ. ಮೈದುನ ಅವನೆದುರು ಕೂತು ನನ್ನ ಮುಖ ನೋಡಿದ. ಒಪ್ಪುವ ಮೊದಲು ನಿಮ್ಮ ಆ್ಯಪನ್ನು ನಾನೂ ಒಮ್ಮೆ ನೋಡಬಹುದೇ ಎಂದು ಹಿಂದಿಯಲ್ಲಿ ಕೇಳಿದೆ. ಅವನು ಸಂತೋಷದಿಂದ ನನ್ನ ಫೋನಿಗೆ ಹಾಕಿಕೊಟ್ಟ.

ಆ್ಯಪ್ ಮೊದಲು ನಾನೆಲ್ಲಿದ್ದೇನೆಂದು ಕೇಳಿತು. ಬೇಡ ಎಂದು ಒತ್ತಿದೆ. ಫೋಟೊಗಳನ್ನು ಕೇಳಿತು. ಬೇಡ. ಫೋನಿನಲ್ಲಿರುವ ಎಲ್ಲರ ಹೆಸರು, ನಂಬರು ಕೇಳಿತು. ಬೇಡ ಎಂದೆ. ಅಲ್ಲಿಗೆ ನಿಂತಿತು, ಕೊಡದೆ ಮುಂದೆ ಹೋಗಲಾರೆ ಎಂದಿತು.

"ಮಾತಾಜಿ, ಟೆನ್ಷನ್ ಮತ್ ಲೀಜಿಯೆ," ಎಂದು ಅವನು ನಕ್ಕ. "ಸಬ್ ಲೋಗ್ ಅಲೌ ಕರ್ ದೇತೇ ಹೈಂ."

ಎಲ್ಲರೂ ಒತ್ತುತ್ತಾರೆ ಎಂಬುದು ಕಾರಣವಾಗುವುದಿಲ್ಲ ಎಂದೆ. ಪಿಂಡ ಇಡಿಸುವುದಕ್ಕೆ ನನ್ನ ಹಾಲಿನವನ ನಂಬರು ನಿಮಗೆ ಯಾಕೆ ಬೇಕು? ನನ್ನ ಫೋನಿನಲ್ಲಿರುವವರು ನಂಬರು ಕೊಟ್ಟದ್ದು ನನಗೆ. ಅದನ್ನು ನಿಮಗೆ ದಾಟಿಸುವ ಹಕ್ಕು ನನಗಿಲ್ಲ. ಇದು ಕಂಪನಿಯ ನಿಯಮ, ಪುರೋಹಿತರ ಫೋನಿಗೂ ಇದೇ ಎಂದು ಅವನು ಮೈದುನನ ಕಡೆಗೆ ತಿರುಗಿ ಹೇಳಿದ.

ಮೈದುನ ಸೊಂಟದಿಂದ ತನ್ನ ಫೋನ್ ತೆಗೆದು ನೋಡಿಕೊಂಡ. ಅದರಲ್ಲಿ ಊರೂರಿನ ಮನೆಗಳಿವೆ. ಹೆಸರಿನ ಪಕ್ಕದಲ್ಲೇ ಗೋತ್ರ, ಸತ್ತವರ ತಿಥಿ. ಫೋನನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡ.

"ನಹೀಂ ಭೈಯಾ," ಎಂದ. "ಏ ಹಮಸೆ ನ ಹೋಈ." ಇದು ನಮ್ಮಿಂದಾಗದು ಎಂದು, ಇಲ್ಲಿನವರ ಮಾತಿನಲ್ಲೇ.

ಹಾಗಾದರೆ ಇನ್ನೊಂದು ವರ್ಷದಲ್ಲಿ ನಿಮ್ಮನ್ನು ಹುಡುಕಿಕೊಂಡು ಬರುವವರು ಇರುವುದಿಲ್ಲ ಎಂದು ಪ್ರತಿನಿಧಿ ಎದ್ದ. ಇರಬಹುದು ಎಂದೆ. ಹೋಗುವ ಮೊದಲು ಚಹಾ ಕುಡಿಯಿರಿ ಎಂದೂ ಹೇಳಿದೆ. ಅವನು ಕುಡಿಯದೆ ಹೋದ. ಅವನೆದುರಿಗೇ ಆ್ಯಪ್ ಅಳಿಸಿದೆ.

ತಾಣದಲ್ಲಿ ಬರೆಯಲು ಇನ್ನು ಉಳಿದದ್ದು ಮನೆಗೆ ಬರುವ ದಾರಿ. ಫೋನಿನ ನಕ್ಷೆ ನಮ್ಮ ಮನೆಗೆ ಬರುವವರನ್ನು ಘಾಟಿನ ಕಡೆಯಿಂದ ಹತ್ತಿಸುತ್ತದೆ; ಮಂಡಿ ನೋವಿನವರು ಆ ಮೆಟ್ಟಿಲ ಮೇಲೆ ಅತ್ತದ್ದುಂಟು. ರಸ್ತೆಯಲ್ಲಿ ಆಟೊ ಎಲ್ಲಿ ನಿಲ್ಲಿಸಬೇಕು, ಯಾವ ಗಲ್ಲಿ ಹಿಡಿಯಬೇಕು, ಎಲ್ಲಿ ಎಡಕ್ಕೆ ಎಂಬುದನ್ನು ನಾನು ಹೇಳಿದೆ. ಈ ಸಲ ಹುಡುಗಿ ತಾನೇ ಒತ್ತುತ್ತೇನೆ ಎಂದಳು. ಒಂದು ಸಾಲಿಗೆ ನಾನು ಹತ್ತು ಸಾಲಿನಷ್ಟು ಕಾಯಬೇಕಾಯಿತು. ಕಾದೆ.

ಗಿರಣಿಯಾಕೆಗೆ ಮತ್ತೆ ಫೋನ್ ಮಾಡಿದೆವು. ಅವಳಿಗೆ ಪುಟ ಈಗಾಗಲೇ ಗೊತ್ತು, ಅವಳು ಪರೀಕ್ಷೆಗೆ ಆಗುವುದಿಲ್ಲ. ಫೋನನ್ನು ಅವಳ ಅತ್ತೆಯ ಕೈಗೆ ಕೊಡಿಸಿದೆ. ಆ ಮುದುಕಿ ಓದುತ್ತಾ ಓದುತ್ತಾ ನಂಬರಿನ ಮೇಲೆ ಬೆರಳಿಟ್ಟಿರಬೇಕು, ಮೈದುನನ ಸೊಂಟದಲ್ಲಿ ಫೋನ್ ಬಡಿದುಕೊಂಡಿತು. ಕಾಶಿಯಲ್ಲಿ ಈಗ ಚಳಿ ಹೇಗೆ, ಕಂಬಳಿ ತರಬೇಕೋ ಎಂದು ಅವನನ್ನು ಬಹಳ ಹೊತ್ತು ವಿಚಾರಿಸಿದಳು. ಬರುವ ದಿನ ಮಾತ್ರ ಹೇಳಲಿಲ್ಲ.

ರಾತ್ರಿಯ ಊಟಕ್ಕೆ ಮೊದಲು ತಾಣದ ಗುಪ್ತಪದ ಬದಲಿಸಿ, ಇಡೀ ತಾಣದ ಒಂದು ನಕಲನ್ನು ಬೇರೆ ಡಿಸ್ಕಿಗೆ ಇಳಿಸಿದೆವು. ನಕಲು ಆಯಿತು ಎಂದು ಹುಡುಗಿ ಎದ್ದಳು. ತೆರೆದು ನೋಡದ ನಕಲನ್ನು ನಾನು ನಕಲು ಎನ್ನುವುದಿಲ್ಲ. ವೈಫೈ ಆರಿಸಿ, ನನ್ನ ಹಳೆಯ ಕಂಪ್ಯೂಟರಿಗೆ ಡಿಸ್ಕ್ ಸಿಕ್ಕಿಸಿ ತೆರೆಸಿದೆ. ಪುಟ ಬಂದಿತು, ಅಕ್ಷರಗಳೂ ಬಂದವು. ಡಿಸ್ಕನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದೆ.